ಸಂಗಾತಿ ವೀಸಾ: ಯಾವ ವಕೀಲರ ಬಳಿ ಹೋಗಬೇಕು, ಏನು ಕೇಳಬೇಕು

ಅಮೆರಿಕದಲ್ಲಿ ಕೆಲಸಕ್ಕಿರುವ ಹುಡುಗ ಮೂರು ವಾರ ರಜೆ ಹಾಕಿ ಊರಿಗೆ ಬರುತ್ತಾನೆ. ಮದುವೆ, ಬೀಗರೂಟ, ಮನೆದೇವರ ದರ್ಶನ ಮುಗಿಯುವಷ್ಟರಲ್ಲಿ ವಾಪಸು ಹೊರಡುವ ದಿನ ಬಂದಿರುತ್ತದೆ. ಹುಡುಗಿ ತವರಿನಲ್ಲೇ ಉಳಿಯುತ್ತಾಳೆ. ಆಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ವೀಸಾ ಯಾರ ಕೈಲಿ ಮಾಡಿಸೋದು? ಟಿಕೆಟ್ ಬುಕ್ ಮಾಡಿಕೊಟ್ಟ ಏಜೆಂಟರು ‘ನಮಗೇ ಬಿಡಿ, ಮಾಡಿಸಿಕೊಡ್ತೀವಿ’ ಅನ್ನುತ್ತಾರೆ. ದೊಡ್ಡಪ್ಪನ ಮಗನ ಸ್ನೇಹಿತರು ‘ಲಾಯರ್ ಯಾಕೆ, ಫಾರ್ಮ್ ತುಂಬಿದರಾಯ್ತು’ ಅನ್ನುತ್ತಾರೆ. ಯಾರೋ ಕಳಿಸಿದ ವಾಟ್ಸ್‌ಆ್ಯಪ್ ನಂಬರಿನವರು ಮೂರು ತಿಂಗಳಲ್ಲಿ ಗ್ರೀನ್ ಕಾರ್ಡ್ ಗ್ಯಾರಂಟಿ ಎಂದು ಅರ್ಧ ಹಣ ಮುಂಗಡ ಕೇಳುತ್ತಾರೆ.

ಇವರಲ್ಲಿ ಯಾರನ್ನೇ ನಂಬುವ ಮುನ್ನ ಒಂದು ಪ್ರಶ್ನೆ ಕೇಳಿ: ಈ ಸಲಹೆ ತಪ್ಪಾದರೆ ಕಾನೂನಿನ ಮುಂದೆ ಉತ್ತರ ಹೇಳಬೇಕಾದವರು ಯಾರು? ಹೆಸರು, ಲೈಸೆನ್ಸ್ ವಿವರ ಸಮೇತ ಉತ್ತರ ಬಾರದಿದ್ದರೆ ಅಲ್ಲಿ ಹಣ ಕೊಡಬೇಡಿ. ಇನ್ನೊಂದು ಮಾತು ಅಷ್ಟೇ ಮುಖ್ಯ. ಅರ್ಜಿ ಯಾರ ಬದುಕಿಗೆ ಸಂಬಂಧಿಸಿದೆಯೋ ಅವರು ಅದನ್ನು ಓದಿರಬೇಕು, ಅದರ ಪ್ರತಿ ಅವರ ಕೈಯಲ್ಲಿರಬೇಕು. ಗಂಡ, ಮಾವ, ಭಾವ ಎಲ್ಲರೂ ವಕೀಲರ ಜತೆ ಮಾತಾಡಿ ಹುಡುಗಿ ಮಾತ್ರ ಒಮ್ಮೆಯೂ ಮಾತಾಡದೆ ವಿಮಾನ ಹತ್ತುವುದು ನಮ್ಮಲ್ಲಿ ತೀರಾ ಸಾಮಾನ್ಯವಾಗಿದೆ. ಇದು ಬದಲಾಗಲೇಬೇಕು.

ಮೊದಲು, ನಿಮ್ಮ ಪ್ರಕರಣ ಯಾವುದು?

‘ಹುಡುಗ ಅಮೆರಿಕದಲ್ಲಿದ್ದಾನೆ’ ಎಂಬಷ್ಟರಿಂದ ಯಾವ ವಕೀಲರೂ ಏನೂ ಹೇಳಲಾರರು. ಅಲ್ಲಿ ಅವನು ಯಾವ ಆಧಾರದ ಮೇಲೆ ಇದ್ದಾನೆ ಎಂಬುದರ ಮೇಲೆ ಹೆಂಡತಿಯ ದಾರಿ ತೀರ್ಮಾನವಾಗುತ್ತದೆ.

ಅವನು ಎಚ್‌-1ಬಿ ವೀಸಾದಲ್ಲಿದ್ದರೆ ಹೆಂಡತಿಗೆ ಸಿಗುವುದು ಎಚ್‌-4. ಇದು ಗಂಡನ ವೀಸಾಕ್ಕೆ ಅಂಟಿಕೊಂಡಿರುವ ವೀಸಾ. ಅವನ ವೀಸಾ ಹೋದರೆ ಅಥವಾ ವಿಚ್ಛೇದನವಾದರೆ ಇದಕ್ಕೂ ಆಧಾರ ಉಳಿಯುವುದಿಲ್ಲ. ಅವನ ಬಳಿ ಗ್ರೀನ್ ಕಾರ್ಡ್ ಇದ್ದರೆ ಅಮೆರಿಕದ ವಲಸೆ ಸೇವಾ ಇಲಾಖೆ, ಅಂದರೆ ಯುಎಸ್‌ಸಿಐಎಸ್‌ಗೆ ಐ-130 ಎಂಬ ಅರ್ಜಿ ಹಾಕಬೇಕು. ಆದರೆ ಎಫ್‌2ಎ ಎಂಬ ಈ ವರ್ಗಕ್ಕೆ ವರ್ಷಕ್ಕಿಷ್ಟೇ ಎಂಬ ಮಿತಿ ಇರುವುದರಿಂದ ಸರದಿ ಕಾಯಬೇಕು. ಸರದಿ ಎಲ್ಲಿಗೆ ಬಂತೆಂದು ಅಲ್ಲಿನ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್‌ನಲ್ಲಿ ಪ್ರಕಟಿಸುತ್ತದೆ. ಅವನು ಅಮೆರಿಕದ ಪ್ರಜೆಯೇ ಆಗಿದ್ದರೆ ಅರ್ಜಿ ಅದೇ ಐ-130, ಆದರೆ ಸಂಖ್ಯಾಮಿತಿ ಇಲ್ಲ. ಕೆ-1 ಎಂಬ ಭಾವೀ ವಧು ವೀಸಾದ ಹೆಸರನ್ನೂ ನೀವು ಕೇಳಿರಬಹುದು. ಅದನ್ನು ಹಾಕಲು ಪ್ರಜೆಗಳಿಗೆ ಮಾತ್ರ ಅವಕಾಶ, ಅಲ್ಲಿಗೆ ಹೋದ 90 ದಿನಗಳೊಳಗೆ ಮದುವೆಯಾಗಬೇಕು. ಇಲ್ಲಿ ಈಗಾಗಲೇ ಮದುವೆ ಮುಗಿದಿದ್ದರೆ ಅದು ಅನ್ವಯಿಸದು.

ಅಪ್ಪ ಅಮ್ಮನನ್ನು ಕಾಯಂ ಆಗಿ ಕರೆಸಿಕೊಳ್ಳಲು ಮಗನೋ ಮಗಳೋ ಪ್ರಜೆಯಾಗಿ 21 ವರ್ಷ ದಾಟಿರಬೇಕು. ಅಣ್ಣ ತಮ್ಮ ಅಕ್ಕ ತಂಗಿಯರ ವರ್ಗದಲ್ಲಿ ಭಾರತೀಯರ ಕಾಯುವಿಕೆ 15 ವರ್ಷಕ್ಕೂ ಮೀರಿದೆ. ಅದನ್ನು ‘ಬೇಗ ಮಾಡಿಸುತ್ತೇನೆ’ ಎನ್ನುವವರ ಮಾತನ್ನು ಅಲ್ಲಿಗೇ ಬಿಡಿ.

ಏಜೆಂಟರ ಸಲಹೆ ಯಾಕೆ ಸಾಲದು?

ಅಮೆರಿಕದಲ್ಲಿ ವಲಸೆ ಪ್ರಕರಣಕ್ಕೆ ಕಾನೂನು ಸಲಹೆ ನೀಡಿ ಪ್ರತಿನಿಧಿಸುವ ಅಧಿಕಾರ ಇರುವುದು ಮುಖ್ಯವಾಗಿ ಇಬ್ಬರಿಗೆ. ಒಬ್ಬರು, ಅಲ್ಲಿನ ಯಾವುದಾದರೂ ರಾಜ್ಯದ ಲೈಸೆನ್ಸ್ ಇರುವ ವಕೀಲರು. ವಲಸೆ ಕಾನೂನು ಇಡೀ ದೇಶಕ್ಕೆ ಒಂದೇ ಆದ್ದರಿಂದ ಟೆಕ್ಸಾಸ್‌ನ ವಕೀಲರು ನ್ಯೂಜೆರ್ಸಿಯಲ್ಲಿರುವ ದಂಪತಿಯ ಅರ್ಜಿಯನ್ನೂ ನಡೆಸಬಹುದು. ಇನ್ನೊಬ್ಬರು, ಲಾಭದ ಉದ್ದೇಶವಿಲ್ಲದ ಮಾನ್ಯ ಸಂಸ್ಥೆಗಳಲ್ಲಿರುವ, ಅಲ್ಲಿನ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು. ಇವರ ಶುಲ್ಕ ಕಡಿಮೆ. ಕೈಯಲ್ಲಿ ದುಡ್ಡಿಲ್ಲದವರು ಮೊದಲು ಹುಡುಕಬೇಕಾದದ್ದು ಇವರನ್ನೇ.

ಈ ಲೈಸೆನ್ಸಿನ ಬೆಲೆ ಏನು? ವಕೀಲರು ತಪ್ಪು ಮಾಡಿದರೆ ನೀವು ಆ ರಾಜ್ಯದ ಬಾರ್‌ಗೆ ದೂರು ಕೊಡಬಹುದು, ಅವರ ಲೈಸೆನ್ಸೇ ಹೋಗಬಹುದು. ನೀವು ಅವರಿಗೆ ಹೇಳಿದ ಗುಟ್ಟು ಕಾನೂನಿನ ರಕ್ಷಣೆಯಲ್ಲಿರುತ್ತದೆ. ಏಜೆಂಟರ ವಿಷಯದಲ್ಲಿ ಈ ಎರಡೂ ಇಲ್ಲ. ಅವರು ನೀವು ಹೇಳಿದ್ದನ್ನು ಫಾರ್ಮಿನಲ್ಲಿ ಬರೆದುಕೊಡಬಹುದು. ಯಾವ ಫಾರ್ಮ್ ಹಾಕಬೇಕು, ಯಾವ ಪ್ರಶ್ನೆಗೆ ಏನು ಉತ್ತರಿಸಬೇಕು ಎಂದು ಹೇಳತೊಡಗಿದ ಕ್ಷಣ ಅದು ಕಾನೂನು ಸಲಹೆಯಾಗುತ್ತದೆ.

ನೋಟರಿಗಳನ್ನು ನಂಬಿ ನಮ್ಮವರು ಮೋಸ ಹೋಗುವುದಕ್ಕೂ ಕಾರಣವಿದೆ. ನಮ್ಮಲ್ಲಿ ನೋಟರಿ ಅಂದರೆ ಹಲವು ವರ್ಷ ಅನುಭವವಿರುವ ವಕೀಲರು. ಅಮೆರಿಕದ ನೋಟರಿ ಸಹಿಗೆ ಸಾಕ್ಷಿ ನಿಲ್ಲುವ ವ್ಯಕ್ತಿ, ಕಾನೂನು ಓದಿರಲೇಬೇಕು ಅಂತೇನಿಲ್ಲ.

ಎಲ್ಲರಿಗೂ ವಕೀಲರು ಬೇಕೇ?

ಬೇಡ. ಇಬ್ಬರಿಗೂ ಮೊದಲ ಮದುವೆ, ಇಬ್ಬರ ಕಾಗದಪತ್ರ ಸರಿಯಿದೆ, ಹಿಂದೆ ವೀಸಾ ತಿರಸ್ಕೃತವಾಗಿಲ್ಲ, ಪೊಲೀಸ್ ಕೇಸಿಲ್ಲ ಎಂದಾದರೆ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳಬಲ್ಲ ದಂಪತಿ ಸೂಚನೆಗಳನ್ನು ಓದಿಕೊಂಡು ತಾವೇ ಹಾಕಬಹುದು. ಫಾರ್ಮುಗಳು ಸರ್ಕಾರಿ ಜಾಲತಾಣದಲ್ಲಿ ಉಚಿತ. ಸರ್ಕಾರಿ ತಾಣದ ವಿಳಾಸದ ಕೊನೆಯಲ್ಲಿ ‘ಡಾಟ್ ಗವ್’ ಇರುತ್ತದೆ, ‘ಡಾಟ್ ಕಾಮ್’ ಅಲ್ಲ. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ ಐ-130ಕ್ಕೆ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ 675 ಡಾಲರ್. ದರ ಬದಲಾಗುತ್ತಿರುತ್ತದೆ, ಹಾಕುವ ದಿನ ಮತ್ತೊಮ್ಮೆ ನೋಡಿ.

ಆದರೆ ಇವುಗಳಲ್ಲಿ ಒಂದಿದ್ದರೂ ವಕೀಲರಿಲ್ಲದೆ ಮುಂದುವರಿಯಬೇಡಿ: ಇಬ್ಬರಲ್ಲೊಬ್ಬರಿಗೆ ಹಿಂದೆ ವಿಚ್ಛೇದನ, ಹಿಂದಿನ ವೀಸಾ ತಿರಸ್ಕಾರ ಅಥವಾ ಅವಧಿ ಮೀರಿ ಅಲ್ಲಿ ಉಳಿದದ್ದು, ಕ್ರಿಮಿನಲ್ ಕೇಸು (ರಾಜಿಯಾಗಿ ಮುಗಿದಿದ್ದರೂ ಸರಿ), ಹಿಂದಿನ ಅರ್ಜಿಯಲ್ಲಿ ತಪ್ಪು ಮಾಹಿತಿ, ಗಂಡನ ಸಂಬಳ ಸಾಲದಿರುವುದು. ಕೊನೆಯದರ ಬಗ್ಗೆ ಒಂದು ವಿವರಣೆ: ಐ-130 ಹಾಕಿ ಕರೆಸಿಕೊಳ್ಳುವವರು ಐ-864 ಎಂಬ ಪೋಷಣೆಯ ಹೊಣೆಪತ್ರ ಕೊಡಬೇಕು. ಸಾಮಾನ್ಯವಾಗಿ ಅವರ ಆದಾಯ, ಆ ದೇಶದ ಬಡತನ ರೇಖೆಯ ಮಾರ್ಗಸೂಚಿಯ 125%ಕ್ಕೆ ಕಡಿಮೆಯಿರಬಾರದು. ಕಡಿಮೆಯಿದ್ದರೆ ಜಂಟಿ ಹೊಣೆಗಾರರನ್ನು ಹುಡುಕಬೇಕಾಗುತ್ತದೆ.

ಹುಡುಕುವ ಕ್ರಮ

1. ಅಮೆರಿಕದ ವಲಸೆ ವಕೀಲರ ಸಂಘ ಎಐಎಲ್‌ಎ ತನ್ನ ಜಾಲತಾಣದಲ್ಲಿ ವಕೀಲರನ್ನು ಹುಡುಕುವ ಸೌಲಭ್ಯ ಕೊಟ್ಟಿದೆ. ನ್ಯಾಯ ಇಲಾಖೆಯ ವಲಸೆ ನ್ಯಾಯಾಲಯ ವಿಭಾಗವು ಉಚಿತ ಕಾನೂನು ನೆರವು ಕೊಡುವವರ ಪಟ್ಟಿಯನ್ನೂ ಮಾನ್ಯತೆ ಪಡೆದ ಪ್ರತಿನಿಧಿಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಅಲ್ಲಿನ ಕನ್ನಡ ಕೂಟಗಳಲ್ಲಿ ಕೇಳಿದರೆ ಹೆಸರು ಸಿಗುತ್ತದೆ. ಆದರೆ ಪರಿಚಯದವರು ಹೇಳಿದರು ಎಂಬ ಕಾರಣಕ್ಕೆ ಮುಂದಿನ ಹಂತ ಬಿಡಬೇಡಿ.

2. ಪರಿಶೀಲಿಸಿ. ಪೂರ್ಣ ಹೆಸರು, ಯಾವ ರಾಜ್ಯದ ಲೈಸೆನ್ಸ್, ಅದರ ಸಂಖ್ಯೆ ಕೇಳಿ. ಕ್ಯಾಲಿಫೋರ್ನಿಯಾ ಎಂದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಬಾರ್‌ನ ಜಾಲತಾಣ, ಟೆಕ್ಸಾಸ್ ಎಂದರೆ ಟೆಕ್ಸಾಸ್ ಸ್ಟೇಟ್ ಬಾರ್‌ನದು. ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಯಾವಾಗ ನೋಂದಾಯಿಸಿದರು, ಶಿಸ್ತುಕ್ರಮವೇನಾದರೂ ಇದೆಯೇ ಎಂಬುದನ್ನೂ ಬಹಳ ಕಡೆ ನೋಡಬಹುದು. ಅಲ್ಲಿರುವ ಕಚೇರಿ ವಿಳಾಸ, ಫೋನು ನಿಮಗೆ ಕೊಟ್ಟದ್ದರ ಜತೆ ಹೊಂದುತ್ತವೆಯೇ ನೋಡಿ, ಯಾಕೆಂದರೆ ನಿಜವಾದ ವಕೀಲರ ಹೆಸರು ಕದ್ದು ವ್ಯವಹರಿಸುವವರೂ ಇದ್ದಾರೆ. ನ್ಯಾಯ ಇಲಾಖೆ ಪ್ರಕಟಿಸುವ, ಶಿಸ್ತುಕ್ರಮಕ್ಕೆ ಒಳಗಾದವರ ಪಟ್ಟಿಯನ್ನೂ ತೆರೆದು ನೋಡಿ. ಇಷ್ಟಕ್ಕೆಲ್ಲ ಬೇಕಾಗುವುದು ಒಂದು ಸಂಜೆಯ ಸಮಯ.

3. ಕನಿಷ್ಠ ಇಬ್ಬರ ಜತೆ ಮಾತಾಡಿ. ಮೊದಲ ಭೇಟಿಗೆ ಶುಲ್ಕವಿರುವುದು ಸಹಜ, ವಿಡಿಯೊ ಕರೆಯಲ್ಲೂ ನಡೆಯುತ್ತದೆ. ಆ ಕರೆಯಲ್ಲಿ ಹುಡುಗಿಯೂ ಇರಬೇಕು.

4. ಕೇಳಬೇಕಾದ್ದನ್ನು ಬರೆದಿಟ್ಟುಕೊಳ್ಳಿ. ನನ್ನ ಕಡತವನ್ನು ನೋಡುವವರು ನೀವೋ, ನಿಮ್ಮ ಸಹಾಯಕರೋ? ಮುಂಬೈಯಲ್ಲಿರುವ ಅಮೆರಿಕದ ಕಾನ್ಸುಲೇಟ್ ಮೂಲಕ ಹೋದ ಸಂಗಾತಿ ಪ್ರಕರಣಗಳನ್ನು ನಡೆಸಿದ್ದೀರಾ? ಒಟ್ಟು ಶುಲ್ಕ ಎಷ್ಟು, ಅದರಲ್ಲಿ ಸರ್ಕಾರಿ ಶುಲ್ಕ ಸೇರಿದೆಯೇ? ಇಲಾಖೆ ಹೆಚ್ಚಿನ ದಾಖಲೆ ಕೇಳಿದರೆ ಉತ್ತರಿಸಲು ಬೇರೆ ಹಣವೇ? ನಮ್ಮ ಪ್ರಕರಣದಲ್ಲಿ ದುರ್ಬಲ ಅಂಶ ಯಾವುದು? ಈ ಕೊನೆಯ ಪ್ರಶ್ನೆಯೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಒಳ್ಳೆಯ ವಕೀಲರು ನಿಮ್ಮ ಕಾಗದ ನೋಡಿ ತೊಂದರೆ ಎಲ್ಲಿದೆಯೆಂದು ತೋರಿಸುತ್ತಾರೆ. ‘ಏನೂ ತೊಂದರೆ ಇಲ್ಲ, ಗ್ಯಾರಂಟಿ’ ಅನ್ನುವವರನ್ನು ಬಿಡಿ.

5. ಒಪ್ಪಂದ ಬರವಣಿಗೆಯಲ್ಲಿರಲಿ. ಯಾವ ಕೆಲಸ, ಎಷ್ಟು ಹಣ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು, ಎಲ್ಲವೂ. ಪ್ರತಿ ಪಾವತಿಗೂ ರಸೀದಿ ಪಡೆಯಿರಿ.

6. ಜಿ-28 ಎಂಬ ಫಾರ್ಮ್ ಕೇಳಿ. ‘ಈ ವ್ಯಕ್ತಿಯ ಪರವಾಗಿ ನಾನು ಹಾಜರಾಗುತ್ತಿದ್ದೇನೆ’ ಎಂದು ವಕೀಲರು ಇಲಾಖೆಗೆ ಸಲ್ಲಿಸುವ ಪತ್ರ ಅದು. ವಕೀಲರೂ ನೀವೂ ಇಬ್ಬರೂ ಸಹಿ ಹಾಕಬೇಕು. ‘ಹಿಂದೆ ನಿಂತು ಮಾಡಿಸುತ್ತೇನೆ, ನನ್ನ ಹೆಸರು ಬೇಡ’ ಎಂದವರು ಹೊಣೆ ಹೊರಲು ತಯಾರಿಲ್ಲ ಎಂದೇ ಅರ್ಥ.

ಅರ್ಜಿ ಸೇರಿದ ಮೇಲೆ ಇಲಾಖೆಯಿಂದ ಸ್ವೀಕೃತಿ ಪತ್ರ ಬರುತ್ತದೆ. ಅದರಲ್ಲಿ 3 ಅಕ್ಷರ, 10 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದನ್ನು ಜಾಲತಾಣದಲ್ಲಿ ಹಾಕಿದರೆ ಅರ್ಜಿ ಯಾವ ಹಂತದಲ್ಲಿದೆಯೆಂದು ನೀವೇ ನೋಡಬಹುದು. ತಿಂಗಳುಗಟ್ಟಲೆ ‘ಹಾಕಿದ್ದೇವೆ, ನಡೀತಿದೆ’ ಎನ್ನುತ್ತಾ ಈ ಸಂಖ್ಯೆ ಮಾತ್ರ ಕೊಡುತ್ತಿಲ್ಲವೆಂದರೆ ಅರ್ಜಿ ಹೋಗಿಯೇ ಇಲ್ಲದಿರಬಹುದು.

ವಕೀಲರು ಯಾರ ಪರ?

ಗಂಡನ ಕಂಪನಿಯ ವಕೀಲರು ಎಚ್‌-4 ಅರ್ಜಿಯನ್ನೂ ನೋಡಿಕೊಳ್ಳುವುದುಂಟು. ಅವರಿಗೆ ಹಣ ಕೊಡುವುದು ಕಂಪನಿ. ಐ-130 ಪ್ರಕರಣದಲ್ಲಾದರೆ ಒಬ್ಬರೇ ವಕೀಲರು ಗಂಡ ಹೆಂಡತಿ ಇಬ್ಬರನ್ನೂ ಪ್ರತಿನಿಧಿಸುವುದು ವಾಡಿಕೆ. ಸಂಸಾರ ಚೆನ್ನಾಗಿರುವಾಗ ಇದರಿಂದ ತೊಂದರೆಯಿಲ್ಲ. ಆದರೆ ಒಬ್ಬರೇ ಇಬ್ಬರಿಗೂ ವಕೀಲರಾಗಿರುವಾಗ ನೀವು ಗುಟ್ಟಾಗಿ ಹೇಳಿದ್ದನ್ನು ಅವರು ಗಂಡನಿಂದ ಮುಚ್ಚಿಡಲು ಸಾಮಾನ್ಯವಾಗಿ ಆಗುವುದಿಲ್ಲ, ಇಬ್ಬರ ಹಿತ ಬೇರೆಯಾದಾಗ ಅವರು ಹಿಂದೆ ಸರಿಯಬೇಕಾಗುತ್ತದೆ. ಆದ್ದರಿಂದ ಮೊದಲ ದಿನವೇ ನೇರವಾಗಿ ಕೇಳಿ: ‘ಮೇಡಂ, ನೀವು ನನ್ನ ಪರವಾಗಿಯೂ ವಕೀಲರಾ? ನಾನು ಒಬ್ಬಳೇ ಫೋನ್ ಮಾಡಿದರೆ ಮಾತಾಡ್ತೀರಾ? ನನ್ನ ಪ್ರತಿಗಳನ್ನು ನನ್ನ ಇಮೇಲ್‌ಗೇ ಕಳಿಸ್ತೀರಾ?’ ಈ ಪ್ರಶ್ನೆ ಕೇಳಿದರೆ ಗಂಡನ ಮೇಲೆ ಅನುಮಾನ ಎಂದಲ್ಲ. ಕಾನ್ಸುಲೇಟ್‌ನ ಕಿಟಕಿಯ ಮುಂದೆ ನಿಂತು, ಅರ್ಜಿಯಲ್ಲಿ ಬರೆದದ್ದಕ್ಕೆಲ್ಲ ಉತ್ತರ ಹೇಳಬೇಕಾದವಳು ಹುಡುಗಿ. ಹಿರಿಯರೇ ನೋಡಿ ಮಾಡಿದ ಮದುವೆಯಲ್ಲಿ ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ ಇಬ್ಬರೂ ಭೇಟಿಯಾದದ್ದೇ ಎರಡು ಸಲವಿರಬಹುದು. ಅದು ತಪ್ಪಲ್ಲ. ಆದರೆ ಅರ್ಜಿಯಲ್ಲಿ ಒಂದು ದಿನಾಂಕ, ಬಾಯಲ್ಲಿ ಇನ್ನೊಂದು ಬಂದರೆ ಮದುವೆಯೇ ನಿಜವೇ ಎಂಬ ಪ್ರಶ್ನೆ ಏಳುತ್ತದೆ.

ಇಲ್ಲಿನ ಕಾಗದಕ್ಕೆ ಇಲ್ಲಿನ ವಕೀಲರು

ಅಮೆರಿಕದ ಕಾನೂನಿನ ಬಗ್ಗೆ ಇಲ್ಲಿನ ವಕೀಲರ ಸಲಹೆ ನೆಚ್ಚಿಕೊಳ್ಳಬೇಡಿ. ಆದರೆ ನಿಮ್ಮ ಮೂಲ ದಾಖಲೆಗಳನ್ನು ಸರಿಪಡಿಸಿಕೊಡಲು ಅವರೇ ಬೇಕು. ಕೆಲಸವನ್ನು ಹೀಗೆ ಎರಡು ಭಾಗ ಮಾಡಿಕೊಂಡರೆ ಖರ್ಚೂ ಕಡಿಮೆ, ಗೊಂದಲವೂ ಕಡಿಮೆ.

ಕರ್ನಾಟಕದವರಿಗೆ ದೊಡ್ಡ ತೊಡಕು ಹೆಸರು. ಹುಡುಗಿಯ ಹೆಸರು ಸುಮಾ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸುಮಾ ಕೆ. ಎನ್.’, ಆಧಾರ್‌ನಲ್ಲಿ ‘ಸುಮಾ ನಾಗರಾಜ್’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೂ ಸೇರಿಕೊಂಡಿದೆ, ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ. ನಮಗೆ ಇದರಲ್ಲಿ ವಿಶೇಷವೇನೂ ಕಾಣದು, ಅಲ್ಲಿನ ಅಧಿಕಾರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ಇನ್ನೊಂದು ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಅಚ್ಚಾಗುತ್ತದೆ, ಅದನ್ನು ಆಮೇಲೆ ಡ್ರೈವಿಂಗ್ ಲೈಸೆನ್ಸ್‌ನವರೆಗೂ ಹೊತ್ತು ತಿರುಗಬೇಕು. ಒಂದು ಹಾಳೆಯಲ್ಲಿ ಎಲ್ಲ ದಾಖಲೆಗಳ ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ಹೆಸರು ಇರುವ ಹಾಗೆಯೇ ಬರೆದು ವಕೀಲರಿಗೆ ಕೊಡಿ. ಯಾವುದನ್ನು ತಿದ್ದಿಸಬೇಕು, ಯಾವುದಕ್ಕೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಸಾಕು ಎಂದು ಅದನ್ನು ನೋಡಿ ಹೇಳುತ್ತಾರೆ.

ಮದುವೆಯ ನೋಂದಣಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗಿರಬೇಕು. ಛತ್ರದ ರಸೀದಿಯಾಗಲೀ ದೇವಸ್ಥಾನದವರು ಬರೆದುಕೊಟ್ಟ ಪತ್ರವಾಗಲೀ ಅದಕ್ಕೆ ಬದಲಿಯಲ್ಲ. ಹುಡುಗ ವಿಮಾನ ಹತ್ತುವ ಮೊದಲೇ ಮಾಡಿಸಿ, ಲಗ್ನಪತ್ರಿಕೆ, ಫೋಟೊಗಳನ್ನೂ ಜೋಪಾನ ಮಾಡಿ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ಗಮನಿಸಿ: ಅಲ್ಲಿ 30 ದಿನಗಳ ನೋಟಿಸ್ ಅವಧಿ ಇದೆ, ಮೂರು ವಾರದ ರಜೆಯಲ್ಲಿ ಮುಗಿಯುವುದಿಲ್ಲ.

ಹಿಂದಿನ ಮದುವೆ ಮುರಿದಿದ್ದರೆ ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿ ಬೇಕು. ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದ ಬಿಡುಗಡೆ ಪತ್ರವಷ್ಟೇ ಇದ್ದರೆ ಆ ವಿಷಯವನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಕನ್ನಡದಲ್ಲಿರುವ ದಾಖಲೆಗಳಿಗೆ ಪೂರ್ತಿ ಇಂಗ್ಲಿಷ್ ಅನುವಾದವೂ, ‘ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಿದೆ’ ಎಂಬ ಅನುವಾದಕರ ಸಹಿಯೂ ಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಖಾಲಿ ಫಾರ್ಮಿಗೆ ಸಹಿ ಹಾಕುವುದು. ಏಜೆಂಟರು ಏನು ಬರೆದರೂ ಅದು ನಿಮ್ಮ ಹೇಳಿಕೆಯೇ ಆಗುತ್ತದೆ.

ಸಂಗಾತಿ ವೀಸಾ ತಡವೆಂದು ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿದುಬಿಡುವ ಯೋಚನೆ. ಅಲ್ಲೇ ಉಳಿಯುವ ಉದ್ದೇಶ ಮುಚ್ಚಿಟ್ಟು ಅಧಿಕಾರಿಗೆ ಸುಳ್ಳು ಹೇಳಿದರೆ ಶಾಶ್ವತವಾಗಿ ಪ್ರವೇಶ ನಿರಾಕರಿಸಬಹುದು. ‘ಎಲ್ಲರೂ ಹೀಗೇ ಮಾಡೋದು’ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ವೀಸಾಕ್ಕಾಗಿಯೇ ಕಾಗದದ ಮದುವೆ ಮಾಡಿಕೊಂಡರೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ವಿಧಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ.

ಎರಡು ವರ್ಷದ ಕಾರ್ಡನ್ನು ಮರೆಯುವುದು. ಕಾಯಂ ನಿವಾಸಿಯಾಗಿ ಅಮೆರಿಕ ಪ್ರವೇಶಿಸುವ ದಿನ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಸಿಗುವುದು 2 ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ಗಂಡ ಹೆಂಡತಿ ಸೇರಿ ಐ-751 ಸಲ್ಲಿಸಬೇಕು. ಗಂಡ ಸಹಿ ಹಾಕಲು ಒಪ್ಪದಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಮುಗಿದಿಲ್ಲ. ವಿಚ್ಛೇದನವಾಗಿದ್ದರೆ, ದೌರ್ಜನ್ಯ ನಡೆದಿದ್ದರೆ, ಒಬ್ಬರೇ ವಿನಾಯಿತಿ ಕೋರಿ ಹಾಕಬಹುದು.

ಬೇರೆ ದೇಶವಾದರೆ

ಬ್ರಿಟನ್ನಿನಲ್ಲಿ ಸಾಲಿಸಿಟರ್‌ಗಳಂಥ ಮಾನ್ಯ ವಕೀಲರನ್ನು ಬಿಟ್ಟರೆ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿದವರು ಮಾತ್ರ ಸಲಹೆ ಕೊಡಬಹುದು. 2025ರ ಜನವರಿಗೆ ಮುಂಚೆ ಇದರ ಹೆಸರು ಓಐಎಸ್‌ಸಿ. ಕೆನಡಾದಲ್ಲಿ ವಕೀಲರು, ಇಲ್ಲವೇ ವಲಸೆ ಸಲಹೆಗಾರರ ಕಾಲೇಜಿನ ಲೈಸೆನ್ಸ್ ಇರುವ ಸಲಹೆಗಾರರು. ಆಸ್ಟ್ರೇಲಿಯಾದಲ್ಲಿ ನೋಂದಾಯಿತ ಮೈಗ್ರೇಷನ್ ಏಜೆಂಟರು ಅಥವಾ ವಕೀಲರು. ಮೂರೂ ಕಡೆ ಹೆಸರು ಹಾಕಿ ಹುಡುಕುವ ಸಾರ್ವಜನಿಕ ಪಟ್ಟಿಗಳಿವೆ.

ಸಂಸಾರವೇ ಸಂಕಟವಾದಾಗ

ಗಂಡ ಹೊಡೆಯುತ್ತಾನೆ, ‘ಪೊಲೀಸರಿಗೆ ಹೇಳಿದರೆ ವೀಸಾ ರದ್ದು ಮಾಡಿಸ್ತೀನಿ’ ಎಂದು ಹೆದರಿಸುತ್ತಾನೆ. ಈ ಬೆದರಿಕೆಯನ್ನು ಹಾಗೇ ನಂಬಬೇಡಿ. ಅಮೆರಿಕದಲ್ಲಿ 1994ರಲ್ಲಿ ಬಂದ ಮಹಿಳಾ ದೌರ್ಜನ್ಯ ತಡೆ ಕಾಯ್ದೆಯಡಿ, ಪ್ರಜೆಯ ಅಥವಾ ಗ್ರೀನ್ ಕಾರ್ಡ್ ಹೊಂದಿರುವವರ ನೊಂದ ಸಂಗಾತಿ ಐ-360 ಅರ್ಜಿಯನ್ನು ತಾವೇ ಹಾಕಬಹುದು. ಇಲಾಖೆ ಅದನ್ನು ಗಂಡನಿಗೆ ತಿಳಿಸುವುದಿಲ್ಲ. ಎಚ್‌-4ರಲ್ಲಿರುವವರಿಗೆ ಈ ದಾರಿ ಇಲ್ಲ, ಆದರೆ ಅಪರಾಧಕ್ಕೆ ತುತ್ತಾದವರಿಗೆ ಸಿಗುವ ಯು ವೀಸಾದಂಥ ಬೇರೆ ದಾರಿಗಳಿವೆ. ಇಲ್ಲಿ ಗಂಡನ ವಕೀಲರನ್ನು ಬಿಟ್ಟು ನಿಮ್ಮದೇ ವಕೀಲರು ಬೇಕು. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಕೆಲಸ ಮಾಡುವ ಸಂಸ್ಥೆಗಳು ಅಲ್ಲಿವೆ: ನ್ಯೂಯಾರ್ಕ್‌ನಲ್ಲಿ ಸಖಿ, ನ್ಯೂಜೆರ್ಸಿಯಲ್ಲಿ ಮಾನವಿ, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಮೈತ್ರಿ ಮತ್ತು ನಾರಿಕಾ, ಹ್ಯೂಸ್ಟನ್‌ನಲ್ಲಿ ದಯಾ, ಷಿಕಾಗೊದಲ್ಲಿ ಅಪ್ನಾ ಘರ್. ಅಲ್ಲಿನ ರಾಷ್ಟ್ರೀಯ ಸಹಾಯವಾಣಿ 1-800-799-7233, ದುಭಾಷಿಯನ್ನೂ ಕೇಳಬಹುದು.

ಗಂಡ ಇಲ್ಲೇ ಬಿಟ್ಟುಹೋಗಿ ಕೈಗೆ ಸಿಗದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಭಾರತೀಯ ಮದುವೆಗಳ ದೂರುಗಳಿಗಾಗಿಯೇ ಪ್ರತ್ಯೇಕ ಘಟಕವಿದೆ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

ಅಲ್ಲಿನ ನ್ಯಾಯಾಲಯದಿಂದ ವಿಚ್ಛೇದನದ ಕಾಗದ ಅಂಚೆಯಲ್ಲೋ ಇಮೇಲ್‌ನಲ್ಲೋ ಬಂದರೆ ಹೆದರಿ ಸಹಿ ಹಾಕಬೇಡಿ, ಕಡೆಗಣಿಸಲೂ ಬೇಡಿ. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಯನ್ನು, ಆ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಹೆಂಡತಿ ಒಪ್ಪಿ ಹಾಜರಾಗದೆ ವಿದೇಶಿ ನ್ಯಾಯಾಲಯ ಮುರಿದರೆ ಅದು ಭಾರತದಲ್ಲಿ ನಡೆಯದು ಎಂದು ಸುಪ್ರೀಂ ಕೋರ್ಟ್ 1991ರ ವೈ. ನರಸಿಂಹರಾವ್ ಪ್ರಕರಣದಲ್ಲಿ ಹೇಳಿದೆ. ನೀವು ಅಲ್ಲಿ ಹಾಕುವ ಉತ್ತರವೇ ‘ಒಪ್ಪಿ ಹಾಜರಾದಂತೆ’ ಎನಿಸಬಹುದು, ಉತ್ತರ ಹಾಕದಿದ್ದರೆ ಜೀವನಾಂಶ, ಮಕ್ಕಳ ವಿಷಯದಲ್ಲಿ ನಷ್ಟವಾಗಬಹುದು. ಯಾವುದು ಸರಿ ಎಂಬುದನ್ನು ಇಲ್ಲಿನ ವಕೀಲರೂ ಅಲ್ಲಿನ ವಕೀಲರೂ ಸೇರಿ ತೀರ್ಮಾನಿಸಬೇಕು. ಕಾಗದ ಬಂದ ದಿನವನ್ನು ಬರೆದಿಡಿ, ಲಕೋಟೆಯನ್ನೂ ಎಸೆಯದೆ ಕಡತಕ್ಕೆ ಸೇರಿಸಿ. ಉತ್ತರ ಕೊಡಬೇಕಾದ ಗಡುವು ಆ ಕಾಗದದ ಮೇಲೆಯೇ ಇರುತ್ತದೆ. ಬಹಳ ಕಡೆ ಅದು ಒಂದು ತಿಂಗಳಿನ ಆಸುಪಾಸು, ಹಾಗಾಗಿ ಪ್ರಾಧಿಕಾರದ ಕಚೇರಿಗೆ ಅದೇ ವಾರ ಹೋಗಿ.